ಹುಲಿ ವೇಷದ ಮುಖ ಕ್ಯಾಮೆರಾಕ್ಕೆ ಯಾಕೆ ಕಾಣಲ್ಲ?

ಮುದಗಲ್ ಮೊಹರಂ ಬಗ್ಗೆ ರಾಯಚೂರು ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಹಿಂದೂ, ಮುಸ್ಲಿಂ ಎನ್ನದೆ ಊರೆಲ್ಲ ಕೂಡಿ ಮಾಡುವ ಹಬ್ಬ. ಬೆಂಗಳೂರಿನಲ್ಲಿ ಕೋಡ್ ಬರೆಯುವ ನಾನೂ ರಜೆ ಹಾಕಿ ಹೋಗ್ತೀನಿ. ಈ ಸಲ ಅಣ್ಣನ ಮಗ ಹರಕೆಗೆ ಹುಲಿ ವೇಷ ಹಾಕಿದ್ದ. ರಾತ್ರಿ ಅತ್ತಿಗೆ ಹತ್ತಾರು ಫೋಟೊ ತೆಗೆದರು. ನೋಡಿದರೆ ಹಿಂದಿನ ಫ್ಲೆಕ್ಸ್‌ನಲ್ಲಿದ್ದ ಮೀಸೆ ಮುಖ ಸ್ಪಷ್ಟ, ಹುಡುಗ ಮಸುಕು!

“ಹರಕಿ ತೀರಿಸಿದಾವ ನನ್ ಮಗ, ಫೋಟೊದಾಗ ಬಂದಾವ ಯಾವನೋ! ನೀ ಇಂಜಿನಿಯರ್ ಅದಿ, ಯಾಕ್ ಹಿಂಗಾತು ಹೇಳು” ಅಂದರು.

ಲೆನ್ಸ್ ಚೂರು ಹಿಂದೆ ಮುಂದೆ ಸರಿದರೆ ಫೋಕಸ್ ಬದಲಾಗುತ್ತೆ. ಎಷ್ಟು ಸರಿಯಬೇಕು ಅಂತ ತಿಳಿಯಲು ಒಂದು ದಾರಿ, ಕಾಂಟ್ರಾಸ್ಟ್. ಅಂಚುಗಳು ಎಲ್ಲಿ ಅತಿ ಚೂಪಾಗಿ ಕಾಣುತ್ತವೋ ಅಲ್ಲಿ ನಿಲ್ಲುವುದು. ಆ ಜಾಗ ದಾಟಿದ ಮೇಲೇ ಅದು ಗೊತ್ತಾಗುವುದರಿಂದ ಲೆನ್ಸ್ ತಡಕಾಡುತ್ತೆ. ಇನ್ನೊಂದು ಫೇಸ್ ಡಿಟೆಕ್ಷನ್. (ಇದು ಮುಖದ ಫೇಸ್ ಅಲ್ಲ, ಭೌತಶಾಸ್ತ್ರದ್ದು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಏನ್ ಮಾಡೋದು!) ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಅತ್ತಿತ್ತ ಜಿಗಿಯುತ್ತೆ. ಹಾಗೆಯೇ ಸೆನ್ಸರ್‌ನ ಕೆಲವು ಪಿಕ್ಸೆಲ್ ಲೆನ್ಸಿನ ಎಡಭಾಗದ ಬೆಳಕನ್ನು, ಕೆಲವು ಬಲಭಾಗದ್ದನ್ನು ನೋಡುತ್ತವೆ. ಎರಡು ಚಿತ್ರಗಳ ನಡುವಿನ ಅಂತರದಿಂದಲೇ ಲೆನ್ಸ್ ಯಾವ ಕಡೆ, ಎಷ್ಟು ಸರಿಯಬೇಕು ಅಂತ ಲೆಕ್ಕ ಸಿಗುತ್ತೆ. ಎರಡಕ್ಕೂ ಬೆಳಕು ಬೇಕು. ಅಲಾಯಿ ರಾತ್ರಿಯಲ್ಲಿ ಅದೇ ಕಡಿಮೆ.

ಆದರೆ ಯಾರ ಮೇಲೆ ಫೋಕಸ್ ಮಾಡಬೇಕು? ಅದು ಮುಖ ಹುಡುಕುವ ಸಾಫ್ಟ್‌ವೇರ್ ಕೆಲಸ. 2001ರಲ್ಲಿ ಪಾಲ್ ವಯೋಲಾ ಮತ್ತು ಮೈಕಲ್ ಜೋನ್ಸ್ ಕೊಟ್ಟ ವಿಧಾನ ನನಗೆ ಇವತ್ತಿಗೂ ಇಷ್ಟ, ಅಷ್ಟು ಸರಳ. ಕಣ್ಣಿನ ಭಾಗ ಕೆನ್ನೆಗಿಂತ ಕಪ್ಪು. ಮೂಗಿನ ದಂಡೆ ಅಕ್ಕಪಕ್ಕದ ಕಣ್ಣುಗಳಿಗಿಂತ ಬೆಳ್ಳಗೆ. ಇಂಥ ಸಣ್ಣ ಸಣ್ಣ ಪರೀಕ್ಷೆಗಳನ್ನು 24x24 ಪಿಕ್ಸೆಲ್ ಚೌಕದ ಮೇಲೆ ನಡೆಸಿ, ಆ ಚೌಕವನ್ನು ಇಡೀ ಚಿತ್ರದ ಮೇಲೆ ಬೇರೆ ಬೇರೆ ಅಳತೆಯಲ್ಲಿ ಓಡಿಸುವುದು. ಪರೀಕ್ಷೆಗಳು ಕೋಟೆಯ ಬಾಗಿಲುಗಳ ಹಾಗೆ ಒಂದರ ಹಿಂದೊಂದು. ಮುಖವಲ್ಲದ್ದು ಬಹುಪಾಲು ಮೊದಲ ಒಂದೆರಡು ಬಾಗಿಲಲ್ಲೇ ವಾಪಸ್.

ಈಗ ಹುಡುಗನ ಮುಖ ನೋಡಿ. ಕೆನ್ನೆ ಮೇಲೆ ಕಪ್ಪು ಪಟ್ಟೆ, ಕಣ್ಣಿನ ಸುತ್ತ ಬಿಳಿ. ಲೆಕ್ಕವೆಲ್ಲ ಉಲ್ಟಾ. ಫ್ಲೆಕ್ಸ್ ಮುಖವೋ ನೇರ, ದೊಡ್ಡದು, ದೀಪದ ಕೆಳಗೆ. ಜೀವ ಇದೆಯೋ ಇಲ್ಲವೋ ಅಂತ ಈ ಪರೀಕ್ಷೆ ಕೇಳುವುದೇ ಇಲ್ಲ. ಆಡಮ್ ಹಾರ್ವೆ ಎಂಬ ಕಲಾವಿದ 2010ರಲ್ಲಿ ಬೇಕಂತಲೇ ಕ್ಯಾಮೆರಾ ಕಣ್ಣು ತಪ್ಪಿಸುವ ಮೇಕಪ್ ಮಾಡಿ ತೋರಿಸಿದ. ನಮ್ಮ ಹುಲಿಗಳಿಗೆ ಅದು ಪುಕ್ಕಟೆ.

ಈಗಿನ ಫೋನ್‌ಗಳಲ್ಲಿ ನ್ಯೂರಲ್ ನೆಟ್‌ವರ್ಕ್ ಇದೆ, ಬಹಳ ಜಾಣ. ಆದರೂ ಅದು ತೋರಿಸಿದ ಮುಖಗಳಿಂದಲೇ ಕಲಿಯುವುದು. 2018ರಲ್ಲಿ ಜಾಯ್ ಬುಯೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದರು. ಬಿಳಿ ಮೈಬಣ್ಣದ ಗಂಡಸರಲ್ಲಿ ತಪ್ಪು 0.8% ಮೀರಲಿಲ್ಲ, ಕಪ್ಪು ಮೈಬಣ್ಣದ ಹೆಂಗಸರಲ್ಲಿ 34.7%ವರೆಗೂ ಹೋಯಿತು. ಕೆಲಸ ಬೇರೆ, ಆದರೆ ಪಾಠ ಪುಸ್ತಕದಲ್ಲಿ ಯಾರ ಮುಖ ಇತ್ತು ಅನ್ನೋ ಪ್ರಶ್ನೆ ಅದೇ. ರಾಯಚೂರು ಬಿಸಿಲಲ್ಲಿ ಬೆಳೆದ ನಮಗೆ ಇದು ದೂರದ ಸುದ್ದಿ ಅಲ್ಲ.

ಹಬ್ಬದಲ್ಲಿ ಇಷ್ಟು ಮಾಡಿ: ಫ್ಲೆಕ್ಸ್ ಫ್ರೇಮಿಗೆ ಬಾರದಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಆಮೇಲೆ ಸ್ಕ್ರೀನಿನಲ್ಲಿ ಹುಲಿಯ ಪಟ್ಟೆ ಮೇಲೆ ಬೆರಳು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್ ಅಲ್ಲೇ ಲಾಕ್ ಆಗುತ್ತೆ. ಮುಖ ಹುಡುಕುವ ಸಾಫ್ಟ್‌ವೇರನ್ನು ಕೆಡಿಸುವ ಆ ಕಪ್ಪು-ಹಳದಿ ಅಂಚೇ ಲೆನ್ಸಿಗೆ ಎಲ್ಲಕ್ಕಿಂತ ಚೆನ್ನಾಗಿ ಸಿಗುವ ಗುರುತು.