ಲಕ್ಷದ ಪಾಟಿಯೋ, ಇಪ್ಪತ್ತು ಸಾವಿರದ ಪಾಟಿಯೋ?

ಗಂಗಾವತಿಯ ಗಿರಣಿಗಳ ಮುಂದೆ ಭತ್ತದ ಲಾರಿಗಳು ಸಾಲುಗಟ್ಟಿದಾಗ, ಯಲಬುರ್ಗಾದ ಎರೆಹೊಲಗಳಲ್ಲಿ ಕಡಲೆ ರಾಶಿ ಮುಗಿದಾಗ ರೈತನ ಮನೆಗೆ ನಾಲ್ಕು ಕಾಸು ಬರುತ್ತದೆ. ಆ ಹಣಕ್ಕಾಗಿ ಬ್ಯಾಂಕಿನ ಸಾಲ, ಬೋರ್‌ವೆಲ್ ರಿಪೇರಿ, ಮಗಳ ಮದುವೆ ಎಲ್ಲವೂ ಮೊದಲೇ ಸರದಿಯಲ್ಲಿ ನಿಂತಿರುತ್ತವೆ. ಈಗ ಆ ಸರದಿಗೆ ಹೊಸದೊಂದು ಬೇಡಿಕೆ ಸೇರಿಕೊಂಡಿದೆ. ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಒಂದು ಟ್ಯಾಬ್ ಬೇಕು!

ಅಜ್ಜನ ಕಾಲದಲ್ಲಿ ಶಾಲೆಗೆ ಹೊರಟ ಮಗುವಿನ ಕೈಯಲ್ಲಿ ಒಂದು ಪಾಟಿ, ಒಂದು ಬಳಪ ಇದ್ದರೆ ಮುಗಿಯಿತು. ಪಾಟಿ ಒಡೆದರೆ ಸಂತೆಯಲ್ಲಿ ಇನ್ನೊಂದು ಸಿಗುತ್ತಿತ್ತು. ಈ ಗಾಜಿನ ಪಾಟಿ ಹಾಗಲ್ಲ. ಹದಿನೈದು ಸಾವಿರಕ್ಕೂ ಸಿಗುತ್ತದೆ, ಲಕ್ಷಕ್ಕೂ ಸಿಗುತ್ತದೆ. ಆಯ್ಕೆ ತಪ್ಪಿದರೆ ಮುಂದಿನ ಸುಗ್ಗಿಯವರೆಗೆ ಸರಿಪಡಿಸುವ ದಾರಿಯಿಲ್ಲ. ತಿಂಗಳ ಸಂಬಳದ ಮನೆಗೂ ಮಳೆ, ಕಾಲುವೆಯನ್ನು ನಂಬಿದ ಮನೆಗೂ ಇರುವ ವ್ಯತ್ಯಾಸ ಇದೇ.

ಸರ್ಕಾರ ಕೊಟ್ಟ ಪಾಟಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳು ರಾಯಚೂರಿನಿಂದ ಬೇರೆಯಾಗಿ 1997ರಲ್ಲಿ ಕೊಪ್ಪಳ ಜಿಲ್ಲೆ ರಚನೆಯಾದಾಗ ಟ್ಯಾಬ್ ಎಂಬ ಮಾತೇ ಇಲ್ಲಿ ಇರಲಿಲ್ಲ. ಅದು ಮನೆಮಾತಾಗಿದ್ದು ಕೋವಿಡ್ ಕಾಲದಲ್ಲಿ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಯೋಜನೆ ಆರಂಭಿಸಿತು. ವೆಚ್ಚ ಸುಮಾರು 163 ಕೋಟಿ ರೂಪಾಯಿ. ಲೆಕ್ಕ ಹಾಕಿದರೆ ತಲಾ ಹತ್ತೂವರೆ ಸಾವಿರ. ಪಾಠ ಕೇಳಲು, ಟಿಪ್ಪಣಿ ಓದಲು ಅಷ್ಟರ ಯಂತ್ರ ಸಾಕೆಂದು ಸರ್ಕಾರವೇ ತೀರ್ಮಾನಿಸಿದಂತಾಯಿತು.

ಹಾಗೆಂದು ಅಗ್ಗವೆಲ್ಲ ಲಾಭವಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಬಹಳ ಸದ್ದು ಮಾಡಿ ತಂದ 'ಆಕಾಶ್' ಟ್ಯಾಬ್ ನೆನಪಿರಬಹುದು. ಬೆಲೆ ತೀರ ಕಡಿಮೆ. ಆದರೆ ಪರದೆಯನ್ನು ಒತ್ತಿ ಒತ್ತಿ ಬೆರಳು ನೋಯಬೇಕು, ಯಂತ್ರವೋ ಆಮೆಯ ನಡಿಗೆ. ಅಗ್ಗದ ಆಸೆಗೆ ಕೊಂಡು ಮೂಲೆಗೆ ಸೇರುವ ವಸ್ತುವೇ ಎಲ್ಲಕ್ಕಿಂತ ದುಬಾರಿ ಎಂಬ ಪಾಠವನ್ನು ಅದು ಕಲಿಸಿತು.

ಹೆಚ್ಚು ಕೊಟ್ಟರೆ ಏನು ಸಿಗುತ್ತದೆ?

ಇಂದಿನ ಪೇಟೆಯಲ್ಲಿ ಸ್ಯಾಮ್‌ಸಂಗ್, ಲೆನೊವೊ, ಶವೋಮಿ, ಒನ್‌ಪ್ಲಸ್ ಮೊದಲಾದ ಕಂಪನಿಗಳ ನಡುದರದ ಟ್ಯಾಬ್‌ಗಳಿವೆ. ಇವುಗಳಿಗೆ ಇಪ್ಪತ್ತು ಸಾವಿರದ ಆಸುಪಾಸು. ಆ್ಯಪಲ್‌ನ ಸಾಧಾರಣ ಐಪ್ಯಾಡ್ 2025ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಬಂದಾಗ ಆರಂಭದ ಬೆಲೆ 34,900 ರೂಪಾಯಿ. 2024ರಲ್ಲಿ ಬಂದ ಐಪ್ಯಾಡ್ ಪ್ರೊ 99,900 ರೂಪಾಯಿ.

ಈ ಅಂತರಕ್ಕೆ ಕಾರಣಗಳಿವೆ. ದುಬಾರಿ ಟ್ಯಾಬಿನ ಪರದೆಯ ಬಣ್ಣ ಹೆಚ್ಚು ನಿಜ, ಕಪ್ಪು ಹೆಚ್ಚು ಕಪ್ಪು. ಚಿಪ್ಪು ಬಲಿಷ್ಠ. ದೊಡ್ಡ ವಿಡಿಯೊ ಕತ್ತರಿಸಿ ಜೋಡಿಸಿದರೂ ತಡವರಿಸುವುದಿಲ್ಲ. ಪೆನ್ನನ್ನು ಒತ್ತಿದಂತೆ ಗೆರೆ ದಪ್ಪವಾಗುತ್ತದೆ, ಸಡಿಲಿಸಿದಂತೆ ತೆಳುವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಆಯುಷ್ಯ. 2014ರಲ್ಲಿ ಬಂದ ಐಪ್ಯಾಡ್ ಏರ್ 2ಕ್ಕೆ 2021ರ ಹೊಸ ವ್ಯವಸ್ಥೆಯೂ ಸಿಕ್ಕಿತ್ತು. ಸ್ಯಾಮ್‌ಸಂಗ್ ಕೂಡ ತನ್ನ ಮೇಲ್ದರ್ಜೆಯ ಹೊಸ ಟ್ಯಾಬ್‌ಗಳಿಗೆ ಏಳು ವರ್ಷಗಳ ಭರವಸೆ ಕೊಟ್ಟಿದೆ. ನಡುದರದ ಅನೇಕ ಟ್ಯಾಬ್‌ಗಳಿಗೆ ಈ ಅವಧಿ ಇದಕ್ಕಿಂತ ಕಡಿಮೆ.

ಆದ್ದರಿಂದ ಬೆಲೆಯನ್ನು ವರ್ಷಗಳಿಂದ ಭಾಗಿಸಿ ನೋಡುವುದು ಜಾಣತನ. ಇಪ್ಪತ್ತು ಸಾವಿರದ ಟ್ಯಾಬ್ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ ಐದು ಸಾವಿರ. 34,900ರದು ಏಳು ವರ್ಷ ಬಾಳಿದರೂ ಹೆಚ್ಚುಕಡಿಮೆ ಅಷ್ಟೇ. ಲಕ್ಷದ್ದು ಎಂಟು ವರ್ಷ ಬಾಳಿದರೂ ವರ್ಷಕ್ಕೆ ಹನ್ನೆರಡೂವರೆ ಸಾವಿರ. ಆದರೆ ಒಂದು ಮಾತು: ಬಸ್ಸಿನ ನೂಕುನುಗ್ಗಲಿನಲ್ಲಿ, ಹಾಸ್ಟೆಲಿನ ಮಂಚದಿಂದ ಕೆಳಗೆ ಬಿದ್ದರೆ ಎರಡಕ್ಕೂ ಒಂದೇ ಗತಿ. ಗಾಜು ಬೆಲೆ ನೋಡಿ ಒಡೆಯುವುದಿಲ್ಲ!

ಪೆಟ್ಟಿಗೆಯ ಹೊರಗಿನ ಖರ್ಚು

ಎತ್ತು ಕೊಂಡರೆ ಹಗ್ಗ, ಗಂಟೆಯೂ ಬೇಕಲ್ಲ! ಐಪ್ಯಾಡಿಗೆ ಪೆನ್ನು ಬೇರೆಯಾಗಿ ಕೊಳ್ಳಬೇಕು. ಅಗ್ಗದ ಆ್ಯಪಲ್ ಪೆನ್ಸಿಲ್ಲಿಗೇ ಕಂಪನಿ ಇಟ್ಟಿರುವ ಬೆಲೆ 7,900 ರೂಪಾಯಿ. ಸ್ಯಾಮ್‌ಸಂಗ್‌ನ 'ಎಸ್' ಸಾಲಿನ ಟ್ಯಾಬ್‌ಗಳ ಪೆಟ್ಟಿಗೆಯಲ್ಲೇ ಪೆನ್ನು ಇರುತ್ತದೆ. ಮೊಬೈಲ್ ಡೇಟಾ ಸೌಲಭ್ಯದ ಸಾಧಾರಣ ಐಪ್ಯಾಡ್ ಬೇಕೆಂದರೆ ಮತ್ತೆ 15,000 ರೂಪಾಯಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಅದರ ಹಾಟ್‌ಸ್ಪಾಟ್‌ನಿಂದಲೇ ಟ್ಯಾಬ್ ನಡೆಯುವಾಗ ಈ ಖರ್ಚು ಅನೇಕರಿಗೆ ದಂಡ. ನಡುದರದ ಹಲವು ಟ್ಯಾಬ್‌ಗಳಲ್ಲಿ ಮೆಮೊರಿ ಕಾರ್ಡ್ ಹಾಕಬಹುದು, ಐಪ್ಯಾಡಿನಲ್ಲಿ ಆಗದು. ಕಾಲೇಜಿನ ವೈಫೈಯಲ್ಲಿ ಪಾಠದ ವಿಡಿಯೊ ಇಳಿಸಿಕೊಂಡು ಸಿಗ್ನಲ್ ಸಿಗದ ಊರಿನಲ್ಲಿ ನೋಡುವ ಹುಡುಗರಿಗೆ ಇದು ಸಣ್ಣ ಸಂಗತಿಯಲ್ಲ.

ಇನ್ನೊಂದು ಸೂಕ್ಷ್ಮ. ಹೊಲದ ಸರ್ವೆ ನಂಬರ್ ತೋರಿಸುವ ರಾಜ್ಯದ 'ದಿಶಾಂಕ್' ಆ್ಯಪ್ ಬಳಸಲು ಜಿಪಿಎಸ್ ಬೇಕು. ವೈಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಇಲ್ಲ. ಮೂವತ್ತೈದು ಸಾವಿರ ಕೊಟ್ಟರೂ ಆ ಕೆಲಸಕ್ಕೆ ಜೇಬಿನ ಫೋನೇ ಗತಿ.

ಯಾರಿಗೆ ಯಾವುದು?

ಕುಷ್ಟಗಿಯ ಪಿಯು ವಿದ್ಯಾರ್ಥಿನಿ ಸಿಇಟಿ, ನೀಟ್‌ಗೆ ಓದುತ್ತಾಳೆ ಎನ್ನಿ. ಅವಳಿಗೆ ಬೇಕಾದದ್ದು ದೊಡ್ಡ ಪರದೆ, ಸಂಜೆಯವರೆಗೆ ಬಾಳುವ ಬ್ಯಾಟರಿ. ನಡುದರದ ಟ್ಯಾಬ್ ಧಾರಾಳ ಸಾಕು, ಉಳಿದ ಹಣ ಪುಸ್ತಕಕ್ಕೆ, ಹಾಸ್ಟೆಲಿಗೆ. ಕೊಪ್ಪಳದ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗೆ ಐದಾರು ವರ್ಷದ ಓದು, ಕೈಯಿಂದ ಬರೆಯುವ ಟಿಪ್ಪಣಿ. ಅಲ್ಲಿ ಪೆನ್ನಿರುವ, ಹೆಚ್ಚು ವರ್ಷ ಬಾಳುವ, ಮೂವತ್ತೈದು ನಲವತ್ತು ಸಾವಿರದ ಯಂತ್ರಕ್ಕೆ ಅರ್ಥವಿದೆ. ಲಕ್ಷದ್ದು ಯಾರಿಗೆ? ಕಿನ್ನಾಳದ ಗೊಂಬೆ ಕಲೆಯ ಮನೆತನದ ಹುಡುಗನೊಬ್ಬ ಪರದೆಯ ಮೇಲೆ ಚಿತ್ರ ಬರೆದು ಅದರಿಂದಲೇ ಸಂಪಾದಿಸುವುದಾದರೆ, ಅಥವಾ ವಿಡಿಯೊ ಸಂಕಲನವೇ ಕಸುಬಾದರೆ, ಅದು ಶೋಕಿಯಲ್ಲ, ಉಪಕರಣ. ಉಳಿದವರಿಗೆ ಅದು ಬಹುಮಟ್ಟಿಗೆ ಊರವರ ಕಣ್ಣಿಗಾಗಿ ಕೊಡುವ ಬೆಲೆ.

ಕೊಪ್ಪಳವೆಂದರೆ 'ಕವಿರಾಜಮಾರ್ಗ' ತಿರುಳ್ಗನ್ನಡದ ನೆಲವೆಂದು ಹೆಸರಿಸಿದ ಕೊಪಣ. ಇಲ್ಲಿಯವರು ಕನ್ನಡ ಬರೆಯಲು ಬರುತ್ತದೆಯೇ ಎಂದು ಕೇಳದೆ ಕೊಳ್ಳಬಾರದು. ಐಪ್ಯಾಡಿಗೆ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಆಂಡ್ರಾಯ್ಡ್‌ನಲ್ಲಂತೂ ಬೆರಳಿನಿಂದ ಕನ್ನಡ ಅಕ್ಷರ ಗೀಚಿದರೂ ಗುರುತಿಸುವ ಸೌಲಭ್ಯವಿದೆ. ಈ ವಿಷಯದಲ್ಲಿ ಅಗ್ಗದ್ದಕ್ಕೆ ಹಿನ್ನಡೆಯೇನೂ ಇಲ್ಲ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಎಷ್ಟು ವರ್ಷ ಹೊಸ ವ್ಯವಸ್ಥೆ ಸಿಗುತ್ತದೆ? ಪೆನ್ನು ಸೇರಿ ಒಟ್ಟು ಎಷ್ಟು? ಗಾಜು ಒಡೆದರೆ ಎಲ್ಲಿಗೆ ಒಯ್ಯಬೇಕು, ಖರ್ಚೆಷ್ಟು? ಕಂತಿನಲ್ಲಿ ಕೊಂಡರೆ ಬಡ್ಡಿ ಸೇರಿ ಕೊನೆಗೆ ಎಷ್ಟಾಗುತ್ತದೆ? ಇದಕ್ಕೂ ಮೊದಲು ಮನೆಯಲ್ಲೇ ಕೇಳಬೇಕಾದ ಐದನೆಯದೊಂದಿದೆ: 'ಇದರಿಂದ ಏನು ಮಾಡುತ್ತೀ?' ಇದಕ್ಕೆ ಮಗ ಅಥವಾ ಮಗಳು ಕೊಡುವ ಉತ್ತರದಲ್ಲೇ ಯಾವ ಪಾಟಿ ಎಂಬುದು ಬಹುತೇಕ ತೀರ್ಮಾನವಾಗಿರುತ್ತದೆ. ಪಾಟಿ ಎಷ್ಟೇ ಬೆಲೆಯದಿರಲಿ, ಅದರ ಮೇಲೆ ಅಕ್ಷರ ತಿದ್ದುವ ಕೈ ಮನೆಯದೇ.