ಮಗ್ಗದೂರಿನ ಕಿವುಡು ಲ್ಯಾಪ್‌ಟಾಪ್

ಮೊಳಕಾಲ್ಮೂರಿನ ಮುಖ್ಯರಸ್ತೆಯ ಆ ಅಂಗಡಿಯ ಬೋರ್ಡು ದೊಡ್ಡ ಅಕ್ಷರದ ಝೆರಾಕ್ಸ್‌ನಿಂದ ಶುರುವಾಗುತ್ತದೆ. ಆಮೇಲೆ ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೋ, ಪಹಣಿ, ರೀಚಾರ್ಜ್. ಕೊನೆಯಲ್ಲಿ, ಬಣ್ಣ ಮುಗಿಯುತ್ತಾ ಬಂದಿತ್ತೇನೋ ಎಂಬಷ್ಟು ಸಣ್ಣದಾಗಿ, ಕಂಪ್ಯೂಟರ್ ರಿಪೇರಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಎದುರಿಗೆ ರಾಯದುರ್ಗದ ಬಸ್ಸು, ಬಳ್ಳಾರಿಯ ಬಸ್ಸು, ಚಳ್ಳಕೆರೆಯ ಬಸ್ಸು ಹಾರ್ನ್ ಹೊಡೆಯುತ್ತಾ ಹೋಗುತ್ತವೆ. ಬಂಡೆ ಪೇರಿಸಿದಂಥ ನುಂಕೆಮಲೆ ಬೆಟ್ಟ ಹಿಂದೆ ನಿಂತು ಬಿಸಿಲನ್ನು ಊರ ಮೇಲೆ ಇಳಿಸುತ್ತಿರುತ್ತದೆ.

ಮಧ್ಯಾಹ್ನದ ಹೊತ್ತು ಬಂದ ಹುಡುಗಿ ಸೀರೆ ಅಂಗಡಿಯ ಬಟ್ಟೆಚೀಲದಿಂದ ಲ್ಯಾಪ್‌ಟಾಪ್ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟಳು.

"ಅಣ್ಣಾ, ಅವ್ರು ಮಾತಾಡೋದು ನಂಗೆ ಕೇಳ್ತೈತೆ, ಮುಖನೂ ಕಾಣ್ಸ್ತೈತೆ. ನಾನ್ ಮಾತಾಡಿದ್ದು ಮಾತ್ರ ಅವ್ರಿಗೆ ಕೇಳ್ತಾ ಇಲ್ಲ."

ರಿಪೇರಿ ಮಾಡುವವರಿಗೆ ಇಷ್ಟು ಅಚ್ಚುಕಟ್ಟಾಗಿ ತೊಂದರೆ ಹೇಳುವವರು ಅಪರೂಪ. ಸ್ಪೀಕರ್ ಸರಿ, ಕ್ಯಾಮೆರಾ ಸರಿ, ಇಂಟರ್‌ನೆಟ್ ಸರಿ. ಉಳಿದದ್ದು ಒಂದೇ.

ಮನೆಯಲ್ಲಿ ಅಪ್ಪ ಅಮ್ಮ ಗುಂಡಿಮಗ್ಗದ ಮುಂದೆ. ಮಗಳು ಸೀರೆಯ ಅಂಚು, ಸೆರಗು, ಬುಟ್ಟಾಗಳನ್ನು ವಿಡಿಯೋ ಕರೆಯಲ್ಲಿ ಬೆಂಗಳೂರಿನವರಿಗೆ, ಹೈದರಾಬಾದಿನವರಿಗೆ ತೋರಿಸಿ ಮಾರುತ್ತಾಳೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಹೆಸರೂ ಇದೆ. ಆದರೆ ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಕೂಡುವ ಕಡೆ ಲಾಳಿ ಹೇಗೆ ಹಾಯುತ್ತದೆ ಎಂಬುದನ್ನು ಬಾಯಿಬಿಟ್ಟು ವಿವರಿಸದೆ ಕೊಳ್ಳುವವರಿಗೆ ಬೆಲೆಯ ಲೆಕ್ಕ ಗೊತ್ತಾಗುವುದಿಲ್ಲ. ಹಿಂದಿನ ದಿನದ ಕರೆಯಲ್ಲಿ ಹೈದರಾಬಾದಿನ ಹೆಂಗಸು "ವಿನಪಡಟ್ಲೇದಮ್ಮಾ" ಎನ್ನುತ್ತಲೇ ಇದ್ದರಂತೆ. ಇವಳು ತೆಲುಗಿನಲ್ಲೂ ಹೇಳಿದಳು, ಕನ್ನಡದಲ್ಲೂ ಹೇಳಿದಳು, ಕೊನೆಗೆ ಕೈಬೆರಳಲ್ಲಿ ಬೆಲೆ ತೋರಿಸಿದಳು.

"ಯಾವಾಗಿಂದಮ್ಮಾ?"

"ಹೋದ್ವಾರ. ಸ್ಲೋ ಆಗೈತೆ ಅಂತ ಮಾಮ ಎಲ್ಲೋ ಫಾರ್ಮ್ಯಾಟ್ ಮಾಡಿಸ್ಕೊಂಡ್ ಬಂದ್ರು."

ಅಂಗಡಿಯವನ ಹುಬ್ಬು ಒಂದಿಷ್ಟು ಮೇಲೇರಿತು. ನಮ್ಮ ಕಡೆ ಜ್ವರ, ಸುಸ್ತು, ಕಾಲುನೋವು ಏನೇ ಇದ್ದರೂ ಡಾಕ್ಟರಿಗೆ "ಒಂದು ಗ್ಲೂಕೋಸ್ ಹಾಕಿಬಿಡಿ ಸಾರ್" ಎನ್ನುವವರಿದ್ದಾರಲ್ಲ, ಲ್ಯಾಪ್‌ಟಾಪಿಗೆ ಫಾರ್ಮ್ಯಾಟ್ ಅಂಥದ್ದು. ಹಾಕಿಸಿಕೊಂಡವರಿಗೆ ಸಮಾಧಾನ, ಹಾಕಿದವನಿಗೆ ಕಾಸು. ಒಳಗೆ ಏನು ಅಳಿಸಿಹೋಯಿತು ಎಂದು ಯಾರೂ ಕೇಳುವುದಿಲ್ಲ.

ಆದರೂ ಅವನು ಗೊತ್ತಾದಂತೆ ನಟಿಸಲಿಲ್ಲ, ಸುಲಭದ್ದರಿಂದಲೇ ಹೊರಟ. ಮೈಕ್ ಚಿತ್ರದ ಕೀಲಿಯಲ್ಲಿ ಕೆಂಪು ದೀಪ ಉರಿಯುತ್ತಿದೆಯೇ ನೋಡಿದ. ಇಲ್ಲ. ಸೆಟ್ಟಿಂಗ್ಸ್‌ನ ಪ್ರೈವಸಿ ಪುಟಕ್ಕೆ ಹೋಗಿ ಆ್ಯಪ್‌ಗಳಿಗೆ ಮೈಕ್ ಬಳಸುವ ಅನುಮತಿ ಇದೆಯೇ ನೋಡಿದ. ಇದೆ. ಇಯರ್‌ಫೋನ್ ಸಿಕ್ಕಿಸುವ ತೂತಿಗೆ ಟಾರ್ಚ್ ಬಿಟ್ಟ. ಅಲ್ಲಿ ದೂಳೋ ಮುರಿದ ತುದಿಯೋ ಸಿಕ್ಕಿಕೊಂಡರೆ ಹೊರಗಿನ ಮೈಕ್ ಬಂತೆಂದು ಯಂತ್ರ ಮೋಸಹೋಗುವುದುಂಟು. ಮಗ್ಗದ ಮನೆಯ ಲ್ಯಾಪ್‌ಟಾಪ್ ಆದ್ದರಿಂದ ಎರಡು ಎಳೆ ರೇಷ್ಮೆ ನೂಲು ಹೊರಬಂತು, ಒಂದು ಹಸಿರು, ಒಂದು ಕೆಂಪು. ಹುಡುಗಿ ನಕ್ಕಳು. ಮೈಕ್ ಮಾತ್ರ ಬರಲಿಲ್ಲ.

ಡಿವೈಸ್ ಮ್ಯಾನೇಜರ್ ತೆರೆದಾಗ ವಿಷಯ ಬಯಲಾಯಿತು. ಶಬ್ದದ ಸಾಧನಗಳ ಸಾಲಿನಲ್ಲಿ ಸ್ಪೀಕರ್ ಒಂದೇ ಕೂತಿತ್ತು. ಮೈಕ್ ಕೆಟ್ಟಿದೆ ಎಂದಲ್ಲ, ಬಂದ್ ಆಗಿದೆ ಎಂದೂ ಅಲ್ಲ. ಈ ಯಂತ್ರಕ್ಕೆ ಮೈಕ್ ಎಂಬುದೇ ಇಲ್ಲ ಎಂಬಂತೆ.

ಆ ಮೈಕ್ ಇರುವುದು ಪರದೆಯ ಮೇಲಂಚಿನಲ್ಲಿ, ಕ್ಯಾಮೆರಾದ ಎಡಬಲಕ್ಕೆ. ಕಾಣುವುದು ಸೂಜಿ ಚುಚ್ಚಿದಷ್ಟು ಸಣ್ಣ ಎರಡು ತೂತು. ಅವುಗಳ ಹಿಂದೆ ಕೆಲವೇ ಮಿಲಿಮೀಟರ್ ಅಗಲದ ಸಿಲಿಕಾನ್ ಚಿಪ್ಪು, ಅದರೊಳಗೆ ಮಾತಿನ ಗಾಳಿಗೆ ನಡುಗುವ ಒಂದು ಪೊರೆ. ಎರಡು ಯಾಕೆಂದರೆ, ಎದುರಿಗೆ ಕೂತವರ ದನಿ ಎರಡಕ್ಕೂ ಹೆಚ್ಚುಕಡಿಮೆ ಒಟ್ಟಿಗೆ ಮುಟ್ಟುತ್ತದೆ, ಪಕ್ಕದಿಂದ ಬಂದ ಸದ್ದು ಒಂದಕ್ಕೆ ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ. ಆ ಚೂರಿನಿಂದಲೇ ಯಾವುದು ಮಾತು, ಯಾವುದು ಗಲಾಟೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಅಲ್ಲಿಂದ ಕೂದಲಿನಷ್ಟು ತೆಳುವಾದ ತಂತಿಗಳು ಮಡಿಚುವ ಕೀಲಿನ ಮೂಲಕ ಕೆಳಗಿನ ಬೋರ್ಡಿಗೆ ಇಳಿಯುತ್ತವೆ. ದಿನಾ ತೆರೆದು ಮುಚ್ಚುವ ಕೀಲು ಅದು, ತಂತಿ ಹರಿಯುವುದೂ ಅಲ್ಲಿಯೇ.

ಹಳೆಯ ಟೇಪ್ ರೆಕಾರ್ಡರಿನ ಕಾಲದಲ್ಲಿ ಇಷ್ಟೆಲ್ಲ ಇರಲಿಲ್ಲ. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ ಎಲೆಕ್ಟ್ರೆಟ್ ಮೈಕಿಗೆ ಎರಡು ತಂತಿ ಬೆಸುಗೆ ಹಾಕಿದರೆ ಮುಗಿಯಿತು, ಸದ್ದು ಬರುತ್ತಿತ್ತು. ಅದನ್ನು ನೀನ್ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಈಗಿನ ಡಿಜಿಟಲ್ ಮೈಕಿಗೆ ಪರಿಚಯ ಮಾಡಿಸುವವರು ಬೇಕು. 2018ರಿಂದ ಈಚೆಗೆ ಬಂದ ಇಂಟೆಲ್ ಚಿಪ್ಪಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರಿನ ದಾರಿಯೇ ಬೇರೆ, ಮೈಕಿನ ದಾರಿಯೇ ಬೇರೆ. ಮೈಕ್ ನೇರ ಚಿಪ್‌ಸೆಟ್ಟಿನೊಳಗಿನ ಶಬ್ದ ಸಂಸ್ಕಾರಕಕ್ಕೆ ಹೋಗುತ್ತದೆ, ಅದನ್ನು ಎಬ್ಬಿಸಲು ಸ್ಮಾರ್ಟ್ ಸೌಂಡ್ ಎಂಬ ಬೇರೆಯದೇ ಡ್ರೈವರ್ ಬೇಕು. ಎಲ್ಲಕ್ಕೂ ಒಂದೇ ಡ್ರೈವರ್ ತುಂಬಿದ ಪೆನ್‌ಡ್ರೈವ್ ಹಾಕಿದವನಿಗೆ ಹಾಡು ಕೇಳಿಸುತ್ತದೆ. ಕೇಳಿಸಿತಲ್ಲ, ಕೆಲಸ ಆಯಿತು ಎಂದು ಮುಚ್ಚಳ ಮುಚ್ಚುತ್ತಾನೆ.

ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲಿ ಇದು ಇನ್ನೂ ತಮಾಷೆಯಾಗಿದೆ. ಎಎಂಡಿ ಚಿಪ್ಪಿನ ಕೆಲವು ಮಾದರಿಗಳಿಗೆ ಅದರ ತಿರುಳಾದ ಕರ್ನಲ್ಲಿನಲ್ಲಿ ಹೆಸರುಗಳ ಪಟ್ಟಿಯೇ ಇದೆ: ತಯಾರಕರು ಯಾರು, ಮಾಡೆಲ್ ಯಾವುದು. ಪಟ್ಟಿಯಲ್ಲಿದ್ದರೆ ಮೈಕ್ ಉಂಟು, ಇಲ್ಲದಿದ್ದರೆ ಕಣ್ಣೆದುರಿಗಿದ್ದರೂ ಇಲ್ಲ. ಎಲ್ಲೋ ಒಬ್ಬರು ತಮ್ಮ ಲ್ಯಾಪ್‌ಟಾಪಿನ ಹೆಸರಿನ ಸಾಲು ಬರೆದು ಕಳಿಸುತ್ತಾರೆ, ಮುಂದಿನ ಆವೃತ್ತಿಯಲ್ಲಿ ಆ ಮಾದರಿಯವರಿಗೆಲ್ಲ ಬಾಯಿ ಬರುತ್ತದೆ.

ಅಂಗಡಿಯವನು ಆ ಲಿನಕ್ಸನ್ನೇ ತಪಾಸಣೆಗೆ ಬಳಸಿದ. ಉಬುಂಟು ಎಂಬ ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಶುರುಮಾಡಿದ, ಒಳಗಿನ ಡಿಸ್ಕನ್ನು ಮುಟ್ಟಲಿಲ್ಲ. ಇಲ್ಲೂ ಮೈಕ್ ಕಾಣದಿದ್ದರೆ ತಂತಿಯ ಮೇಲೆ ಅನುಮಾನ ಹೆಚ್ಚುತ್ತದೆ, ಕೀಲು ಬಿಚ್ಚಬೇಕು, ಬಿಡಿಭಾಗಕ್ಕೆ ಬಳ್ಳಾರಿಗೋ ಬೆಂಗಳೂರಿಗೋ ಹೇಳಬೇಕು. ಕಂಡರೆ ಮೈಕ್ ಗಟ್ಟಿ, ತಪ್ಪಿರುವುದು ಪರಿಚಯ ಮಾತ್ರ.

"ಏನಾರ ಮಾತಾಡಮ್ಮಾ."

"ಏನ್ ಮಾತಾಡ್ಲಿ?"

ಪರದೆಯ ಮೇಲಿನ ಪಟ್ಟಿ ಹಸಿರಾಗಿ ಏರಿ ಇಳಿಯಿತು. ಅಷ್ಟೇ ಸಾಕಾಗಿತ್ತು. ರೆಕಾರ್ಡ್ ಆದದ್ದನ್ನು ಮತ್ತೆ ಹಾಕಿದಾಗ ಅವಳದೇ ದನಿ "ಏನ್ ಮಾತಾಡ್ಲಿ" ಎಂದು ಅಂಗಡಿಗೆಲ್ಲ ಕೇಳಿಸಿತು. ಝೆರಾಕ್ಸಿಗೆ ನಿಂತಿದ್ದ ಅಜ್ಜ ಹಿಂತಿರುಗಿ ನೋಡಿದರು.

ಲ್ಯಾಪ್‌ಟಾಪ್ ಮಗುಚಿ ತಳದ ಚೀಟಿಯಲ್ಲಿದ್ದ ಮಾಡೆಲ್ ಸಂಖ್ಯೆ ಓದಿಕೊಂಡ. ತಯಾರಕರದೇ ತಾಣದಿಂದ ಆ ಮಾಡೆಲಿನ ಆಡಿಯೋ ಡ್ರೈವರ್ ಇಳಿಸಲು ಹಚ್ಚಿದ, ತನ್ನ ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ. ನೀಲಿ ಗೆರೆ ತೆವಳುತ್ತಿತ್ತು. ನಡುವೆ ಕರೆಂಟ್ ಹೋಯಿತು, ಝೆರಾಕ್ಸ್ ಯಂತ್ರ ಉಸಿರು ಬಿಟ್ಟು ನಿಂತಿತು. ಪಕ್ಕದ ತಾಲ್ಲೂಕಾದ ಚಳ್ಳಕೆರೆಯ ಕುದಾಪುರದಲ್ಲಿ ರಕ್ಷಣಾ ಸಂಶೋಧನೆಯವರು ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡುತ್ತಾರೆ. ಇಲ್ಲಿ ಒಂದು ಡ್ರೈವರ್ ಇಳಿಯಲು ಎರಡು ಚಹಾ ಬೇಕು.

ಚಹಾ ಕುಡಿಯುತ್ತಾ ಅಜ್ಜ ಬ್ರಹ್ಮಗಿರಿಯ ಮಾತೆತ್ತಿದರು. ಇದೇ ತಾಲ್ಲೂಕಿನ ಆ ಬೆಟ್ಟದ ಬಂಡೆಯೊಂದನ್ನು ಊರವರು ಅಕ್ಷರಗುಂಡು ಎಂದೇ ಕರೆಯುತ್ತಿದ್ದರು. ಅಲ್ಲಿ ಅಕ್ಷರವಿದೆ ಎಂಬುದು ಗೊತ್ತಿತ್ತು, ಯಾರದು ಎಂಬುದು ಗೊತ್ತಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಮೇಲೂ ಈ ಬಂಡೆ ಕಾದೇ ಇತ್ತು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬಂದು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳನ್ನು ಗುರುತಿಸಿದರು. ಬ್ರಹ್ಮಗಿರಿಯ ಶಾಸನ ಶುರುವಾಗುವುದೂ ಸುವರ್ಣಗಿರಿ ಎಂಬಲ್ಲಿಂದ ಇಸಿಲ ಎಂಬ ಊರಿನ ಅಧಿಕಾರಿಗಳ ಕ್ಷೇಮ ವಿಚಾರಿಸುತ್ತಲೇ. "ಚೆನ್ನಾಗಿದ್ದೀರಾ ಅಂತ ಕೇಳ್ದ, ಎರಡು ಸಾವಿರ ವರ್ಷ ಯಾರಿಗೂ ಕೇಳಿಸ್ಲಿಲ್ಲ" ಎಂದು ಅಜ್ಜ ಲೋಟ ಕೆಳಗಿಟ್ಟರು. ಅಜ್ಜನ ಲೆಕ್ಕ ಪೂರ್ತಿ ಸರಿಯಲ್ಲ, ಆ ಕಾಲದವರಿಗೆ ಕೇಳಿಸಿರಲೇಬೇಕು. ಆದರೆ ಚಹಾದ ಹೊತ್ತಿನ ಮಾತಿಗೆ ಅಷ್ಟು ತಿದ್ದುಪಡಿ ಬೇಕಿಲ್ಲ.

ಕರೆಂಟ್ ಬಂತು, ಡ್ರೈವರ್ ಕೂತಿತು, ಲ್ಯಾಪ್‌ಟಾಪ್ ಆರಿ ಹೊತ್ತಿತು. ಸಾಲಿನಲ್ಲಿ ಸ್ಪೀಕರಿನ ಕೆಳಗೆ ಮೈಕ್ರೊಫೋನ್ ಅರೇ ಎಂಬ ಹೊಸ ಹೆಸರು. ದುಡ್ಡು ಎಷ್ಟು ಎಂದಾಗ ಅವನು ಹೇಳಿದ್ದು ಫಾರ್ಮ್ಯಾಟಿಗಿಂತ ಕಡಿಮೆ. ಬಿಚ್ಚಿಲ್ಲ, ಏನೂ ಹಾಕಿಲ್ಲ, ಹೆಚ್ಚು ಕೇಳಿದರೆ ಕೊಡುವವರು ಗೊಣಗುತ್ತಾರೆ. ತಿಳಿವಳಿಕೆಗೆ ಬೆಲೆ ಕಟ್ಟಲಾಗದ ಅವಸ್ಥೆ ನೇಕಾರರಿಗೆ ಹೊಸದಲ್ಲ. ಹುಡುಗಿ ಚೌಕಾಸಿ ಮಾಡದೆ ಕೊಟ್ಟಳು.

ಆದರೆ ಅವಳ ಮನೆಯಲ್ಲಿ ಇನ್ನೊಂದು ತೊಡಕು ಕಾದಿತ್ತು. ಮೈಕ್ ಈಗ ಕೇಳುತ್ತದೆ, ಸರಿ. ವಿಡಿಯೋ ಕರೆಯ ಆ್ಯಪ್‌ಗಳು ಹಿನ್ನೆಲೆಯ ಸದ್ದನ್ನು ತಾವಾಗಿ ಅಳಿಸುತ್ತವೆ. ಮಗ್ಗದ ಹಲಗೆಯ ಬಡಿತ, ಲಾಳಿಯ ಓಟ, ಮೇಲೆ ಜಕಾರ್ಡಿನ ಕಟಕಟ, ಇವೆಲ್ಲ ಅವುಗಳ ಪಾಲಿಗೆ ಕಸ. ಅಳಿಸುವ ಭರದಲ್ಲಿ ಪ್ರತಿ ಬಡಿತಕ್ಕೂ ಅವಳ ಮಾತಿನ ಒಂದು ತುಣುಕನ್ನೂ ನುಂಗುತ್ತವೆ. ಅಪ್ಪನಿಗೆ ಮಗ್ಗ ನಿಲ್ಲಿಸು ಎಂದರೆ ದಿನದ ಕೆಲಸ ಹಿಂದೆ ಬೀಳುತ್ತದೆ. ಅಂಗಡಿಯವನು ಫೋನಿನಲ್ಲೇ ದಾರಿ ಹೇಳಿದ: ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಸದ್ದು ಅಳಿಸುವುದನ್ನು ಆಫ್ ಮಾಡು, ಲ್ಯಾಪ್‌ಟಾಪಿನ ಹತ್ತಿರ ಕೂತು ಮಾತಾಡು.

ಆಫ್ ಮಾಡಿದಳು. ಮಗ್ಗ ಪೂರ್ತಿ ಕರೆಯೊಳಗೆ ನುಗ್ಗಿತು. ಹೈದರಾಬಾದಿನ ಹೆಂಗಸು ಸೀರೆಯ ಮಾತು ಅಲ್ಲಿಗೇ ಬಿಟ್ಟು ಅದೇನು ಸದ್ದು ಎಂದು ಕೇಳಿದರು. ಇವಳು ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಗುಂಡಿಯ ಹತ್ತಿರ ಹೋಗಿ, ಅಪ್ಪನ ಕಾಲು, ತುಳಿಮಣೆ, ಓಡುವ ಲಾಳಿ ತೋರಿಸಿದಳು. ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ್ದು ಎಂದು ಮಾರುವ ಕಾಲದಲ್ಲಿ ಆ ಬಡಿತಕ್ಕಿಂತ ದೊಡ್ಡ ರಸೀದಿ ಇನ್ನೇನಿದೆ? ಈಗ ಕರೆ ಬಂದ ಕೂಡಲೇ ಅವಳು ಮೊದಲು ಆ ಸೆಟ್ಟಿಂಗ್ ನೋಡುತ್ತಾಳೆ, ಆಮೇಲೆ "ಹಲೋ" ಎನ್ನುತ್ತಾಳೆ.