ನೆರಳು ಹೇಳುವ ಹೊತ್ತು

ಕನ್ನಡದಲ್ಲಿ ‘ಹೊತ್ತು’ ಎಂಬ ಮಾತಿಗೆ ಕಾಲ ಎಂಬ ಅರ್ಥವೂ ಇದೆ, ಸೂರ್ಯ ಎಂಬ ಅರ್ಥವೂ ಇದೆ. ಹೊತ್ತು ಮೂಡಿತು, ಹೊತ್ತು ಏರಿತು, ಹೊತ್ತು ನೆತ್ತಿಗೆ ಬಂತು, ಹೊತ್ತು ಮುಳುಗಿತು ಎಂದು ಹಳ್ಳಿಯ ಹಿರಿಯರು ಹೇಳುವಾಗ ಈ ಎರಡನ್ನೂ ಬೇರೆ ಮಾಡುವುದಿಲ್ಲ. ಗೋಡೆಗೂ ಕೈಗೂ ಗಡಿಯಾರ ಬಂದ ಮೇಲೆ ಎರಡರ ನಂಟು ಕಡಿಯಿತು. ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಸೂರ್ಯ ಆಕಾಶದಲ್ಲಿ ಅತಿ ಎತ್ತರದಲ್ಲಿರುತ್ತಾನೆ ಎಂದು ಬಹುಮಂದಿ ನಂಬಿದ್ದಾರೆ. ಬೆಂಗಳೂರಿನಲ್ಲಿ ವರ್ಷದ ಒಂದು ದಿನವೂ ಹಾಗಾಗುವುದಿಲ್ಲ. ಅಲ್ಲಿನ ನಿಜವಾದ ನಡುಹಗಲು ನವೆಂಬರ್ ಮೊದಲ ವಾರದಲ್ಲಿ 12 ಗಂಟೆ 3 ನಿಮಿಷಕ್ಕೆ ಬಂದರೆ, ಫೆಬ್ರುವರಿ ನಡುವಿನಲ್ಲಿ 12 ಗಂಟೆ 34 ನಿಮಿಷಕ್ಕೆ ಬರುತ್ತದೆ. ಮಂಗಳೂರಿನಲ್ಲಿ ಅದು ಇನ್ನೂ ಹನ್ನೊಂದು ನಿಮಿಷ ತಡ.

ಸೂರ್ಯಗಡಿಯಾರಗಳಿಗೆ ಬಂದಿರುವ ಕೆಟ್ಟ ಹೆಸರಿಗೆ ಮೂಲ ಇಲ್ಲಿದೆ. ಉದ್ಯಾನದಲ್ಲೋ ಶಾಲೆಯ ಅಂಗಳದಲ್ಲೋ ಅಂಥದೊಂದನ್ನು ಕಂಡವರು ಕೂಡಲೇ ಕೈಗಡಿಯಾರದತ್ತ ನೋಡುತ್ತಾರೆ. ಇಪ್ಪತ್ತು ಮೂವತ್ತು ನಿಮಿಷಗಳ ವ್ಯತ್ಯಾಸ ಕಂಡರೆ ‘ಇದು ಕೆಟ್ಟಿದೆ’ ಎಂದು ಮುಂದೆ ನಡೆಯುತ್ತಾರೆ. ನೆರಳಿನ ಗಡಿಯಾರ ತಪ್ಪಾಗಿರಲು ಸಾಧ್ಯವಿಲ್ಲವೆಂದಲ್ಲ, ತಪ್ಪಾದವು ಬೇಕಾದಷ್ಟಿವೆ. ಆದರೆ ತಪ್ಪು ಯಾವುದು, ಸರಿ ಯಾವುದು ಎಂಬುದನ್ನು ತಿಳಿಯಲು ಕೈಗಡಿಯಾರವೊಂದೇ ಸಾಲದು. ಅದಕ್ಕೆ ಊರಿನ ಅಕ್ಷಾಂಶ ರೇಖಾಂಶಗಳೂ, ವರ್ಷದ ದಿನವೂ ಗೊತ್ತಿರಬೇಕು.

ಗೂಟದಿಂದ ಆರಂಭ

ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಗೂಟವೇ ಎಲ್ಲ ಸೂರ್ಯಗಡಿಯಾರಗಳ ಮೂಲ. ಭಾರತೀಯ ಜ್ಯೋತಿರ್ಗಣಿತದಲ್ಲಿ ಅದಕ್ಕೆ ಶಂಕು ಎಂದು ಹೆಸರು. ‘ಸೂರ್ಯಸಿದ್ಧಾಂತ’ದ ತ್ರಿಪ್ರಶ್ನಾಧಿಕಾರ ಎಂಬ ಅಧ್ಯಾಯವು ದಿಕ್ಕು, ದೇಶ, ಕಾಲ ಎಂಬ ಮೂರು ಪ್ರಶ್ನೆಗಳಿಗೆ ಈ ಗೂಟದ ನೆರಳಿನಿಂದಲೇ ಉತ್ತರ ಹುಡುಕುತ್ತದೆ. ವಿಧಾನ ಸರಳ. ನೀರು ಹಾಯಿಸಿ ಮಟ್ಟ ನೋಡಿದ ನೆಲದ ಮೇಲೆ ಒಂದು ವೃತ್ತ ಎಳೆದು, ಅದರ ಕೇಂದ್ರದಲ್ಲಿ ಹನ್ನೆರಡು ಅಂಗುಲದ ಶಂಕುವನ್ನು ನಿಲ್ಲಿಸಬೇಕು. ಬೆಳಗ್ಗೆ ಉದ್ದವಾಗಿದ್ದ ನೆರಳು ಕುಗ್ಗುತ್ತ ಬಂದು ಅದರ ತುದಿ ವೃತ್ತವನ್ನು ಒಂದು ಕಡೆ ಮುಟ್ಟುತ್ತದೆ. ಮಧ್ಯಾಹ್ನದ ನಂತರ ಹಿಗ್ಗುತ್ತ ಹೋಗಿ ಇನ್ನೊಂದು ಕಡೆ ಮುಟ್ಟುತ್ತದೆ. ಈ ಎರಡು ಗುರುತುಗಳನ್ನು ಸೇರಿಸುವ ಗೆರೆಯೇ ಪೂರ್ವ-ಪಶ್ಚಿಮ. ಆ ಎರಡು ಬಿಂದುಗಳಿಂದ ಎಳೆದ ಕಂಸಗಳು ಒಂದನ್ನೊಂದು ಹಾಯ್ದು ಮೀನಿನ ಆಕಾರವಾಗುತ್ತದೆ. ಮೀನಿನ ಬಾಯಿಂದ ಬಾಲಕ್ಕೆ ಎಳೆದ ಗೆರೆ ಉತ್ತರ-ದಕ್ಷಿಣ.

ದಿಕ್ಸೂಚಿ ಇಲ್ಲದ ಕಾಲದಲ್ಲಿ ಕಟ್ಟಡಗಳ ದಿಕ್ಕು ಗೊತ್ತುಮಾಡಲು ‘ಮಯಮತ’ದಂಥ ವಾಸ್ತುಗ್ರಂಥಗಳು ಹೇಳಿದ ಕ್ರಮವೂ ಶಂಕುವಿನ ನೆರಳನ್ನು ನೋಡುವುದೇ. ಇಂದು ಮಂತ್ರಿಗಳು ಕಟ್ಟಡಕ್ಕೆ ‘ಶಂಕುಸ್ಥಾಪನೆ’ ಮಾಡುವಾಗ ನೆರಳನ್ನು ಯಾರೂ ನೋಡುವುದಿಲ್ಲ. ಹೆಸರಿನಲ್ಲಿ ಮಾತ್ರ ಗೂಟ ಉಳಿದಿದೆ.

ಎರಡನೆಯ ಪ್ರಶ್ನೆಯಾದ ‘ದೇಶ’ಕ್ಕೂ ಶಂಕು ಉತ್ತರ ಕೊಡುತ್ತದೆ. ಹಗಲು ರಾತ್ರಿ ಸಮನಾಗಿರುವ ವಿಷುವದ ದಿನ ನಡುಹಗಲಿನಲ್ಲಿ ಹನ್ನೆರಡು ಅಂಗುಲದ ಶಂಕುವಿನ ನೆರಳು ಎಷ್ಟು ಉದ್ದವಿದೆ ಎಂಬುದಕ್ಕೆ ಪಲಭಾ ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದು ಎರಡೂ ಮುಕ್ಕಾಲು ಅಂಗುಲ, ಉಜ್ಜಯಿನಿಯಲ್ಲಿ ಐದು ಅಂಗುಲಕ್ಕೆ ತುಸು ಹೆಚ್ಚು. ಉತ್ತರಕ್ಕೆ ಹೋದಷ್ಟೂ ಅದು ಬೆಳೆಯುತ್ತದೆ. ಒಂದು ಊರಿನ ಅಕ್ಷಾಂಶವನ್ನು ಒಂದು ಕಡ್ಡಿಯ ನೆರಳಿನಲ್ಲಿ ಅಳೆಯುವ ಜಾಣ್ಮೆ ಇದು.

ಓರೆಯಾದ ಮುಳ್ಳು

ನೆಟ್ಟಗಿನ ಗೂಟಕ್ಕೆ ಒಂದು ಕೊರತೆಯಿದೆ. ಬೆಳಗ್ಗೆ ಒಂಬತ್ತಕ್ಕೆ ಅದರ ನೆರಳು ಬೀಳುವ ದಿಕ್ಕು ಡಿಸೆಂಬರಿನಲ್ಲಿ ಒಂದು, ಜೂನಿನಲ್ಲಿ ಇನ್ನೊಂದು. ಒಂದೇ ಗೆರೆ ವರ್ಷವಿಡೀ ಒಂಬತ್ತು ಗಂಟೆಯನ್ನು ಸೂಚಿಸಬೇಕಾದರೆ ನೆರಳು ಬೀಳಿಸುವ ಅಂಚು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಭೂಮಿ ಆ ಅಕ್ಷದ ಸುತ್ತ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆದ್ದರಿಂದ ಸೂರ್ಯನೂ ಓರೆಯಾದ ಆ ಅಂಚಿನ ಸುತ್ತ ಗಂಟೆಗೆ 15 ಡಿಗ್ರಿಯಂತೆಯೇ ಸುತ್ತಿದಂತೆ ಕಾಣುತ್ತಾನೆ. ಋತು ಬದಲಾದರೂ ಗೆರೆ ಬದಲಾಗುವುದಿಲ್ಲ. ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಪ್ರಾರ್ಥನೆಯ ವೇಳೆಯನ್ನು ಗಣಿಸುತ್ತಿದ್ದ ಇಬ್ನ್ ಅಲ್-ಶಾತಿರ್ ಎಂಬ ಖಗೋಳಜ್ಞ 1371ರಲ್ಲಿ ರೂಪಿಸಿದ್ದು, ಇಂಥ ಓರೆ ಮುಳ್ಳಿನ ಗಡಿಯಾರಗಳಲ್ಲಿ ಉಳಿದುಬಂದಿರುವ ಅತಿ ಹಳೆಯದೆಂದು ಪ್ರಸಿದ್ಧವಾಗಿದೆ.

ಈ ಓರೆಗೆ ಒಂದೇ ನಿಯಮ: ನೆಲದಿಂದ ಅದರ ಕೋನವು ಆ ಊರಿನ ಅಕ್ಷಾಂಶದಷ್ಟೇ ಇರಬೇಕು, ಮುಖ ನೇರವಾಗಿ ಉತ್ತರಕ್ಕಿರಬೇಕು. ಬೆಂಗಳೂರಿಗೆ 13 ಡಿಗ್ರಿ, ಜೈಪುರಕ್ಕೆ 27, ಲಂಡನ್ನಿಗೆ ಐವತ್ತೊಂದೂವರೆ. ಹೀಗಾಗಿ ಸೂರ್ಯಗಡಿಯಾರ ಹುಟ್ಟಿದ ಊರಿಗೆ ಕಟ್ಟುಬಿದ್ದ ವಸ್ತು. ಎತ್ತಿಕೊಂಡು ಹೋಗಿ ಬೇರೆಡೆ ಇಟ್ಟರೆ ಅದು ಅಲಂಕಾರವಾಗುತ್ತದೆಯೇ ಹೊರತು ಗಡಿಯಾರವಾಗುವುದಿಲ್ಲ.

ಇದನ್ನು ಅರಿಯದೆ ಪೇಚಿಗೆ ಸಿಕ್ಕವರಲ್ಲಿ ಪ್ರಾಚೀನ ರೋಮನ್ನರು ಮೊದಲಿಗರು. ಪ್ಲಿನಿ ಬರೆದಿಟ್ಟಿರುವ ಪ್ರಕಾರ, ಕ್ರಿ.ಪೂ. 263ರಲ್ಲಿ ವಲೇರಿಯಸ್ ಮೆಸ್ಸಾಲ ಎಂಬ ಸೇನಾಧಿಪತಿ ಸಿಸಿಲಿ ದ್ವೀಪದ ಕಟಾನಿಯಾವನ್ನು ಗೆದ್ದು, ಅಲ್ಲಿನ ಸೂರ್ಯಗಡಿಯಾರವನ್ನು ಕೊಳ್ಳೆಯ ಮಾಲಿನೊಂದಿಗೆ ತಂದು ರೋಮಿನ ಸಭಾಚೌಕದಲ್ಲಿ ನಿಲ್ಲಿಸಿದ. ಕಟಾನಿಯಾ ರೋಮಿಗಿಂತ ಸುಮಾರು ನಾಲ್ಕು ಡಿಗ್ರಿ ದಕ್ಷಿಣಕ್ಕಿದೆ. ಗೆರೆಗಳಿಗೂ ನೆರಳಿಗೂ ತಾಳೆಯಾಗುತ್ತಿರಲಿಲ್ಲ. ಆದರೂ ರೋಮನ್ನರು 99 ವರ್ಷ ಅದನ್ನೇ ನಂಬಿ ವ್ಯವಹಾರ ನಡೆಸಿದರು. ಆಮೇಲೆ ಮಾರ್ಸಿಯಸ್ ಫಿಲಿಪಸ್ ಎಂಬ ಅಧಿಕಾರಿ ರೋಮಿನ ಲೆಕ್ಕಕ್ಕೇ ಹೊಂದುವ ಇನ್ನೊಂದನ್ನು ಅದರ ಪಕ್ಕದಲ್ಲಿ ಇಡಿಸಿದ.

ಅದೇ ತಪ್ಪು ಇಂದಿಗೂ ಸುಲಭವಾಗಿ ಆಗಬಹುದು. ಯುರೋಪಿನ ತೋಟಗಳಲ್ಲಿ ಕಾಣುವ ಗಡಿಯಾರದ ಚಿತ್ರ ನೋಡಿ, ನಡು ಎತ್ತರಕ್ಕೆ ಏಳುವ ಮುಳ್ಳನ್ನೂ ಗೆರೆಗಳನ್ನೂ ಹಾಗೆಯೇ ನಕಲು ಮಾಡಿದರೆ ಅದು ಕರ್ನಾಟಕದ ಬಿಸಿಲಿಗೆ ಹೊಂದದು. ಬೆಂಗಳೂರಿಗೆ ಸರಿಯಾಗಿ ಲೆಕ್ಕ ಹಾಕಿದ ಮಟ್ಟಸ ಗಡಿಯಾರದಲ್ಲಿ ಮುಳ್ಳು ಬಹುತೇಕ ಮಲಗಿರುತ್ತದೆ. ಹನ್ನೆರಡು ಮತ್ತು ಒಂದು ಗಂಟೆಯ ಗೆರೆಗಳ ನಡುವೆ ಮೂರೂವರೆ ಡಿಗ್ರಿಯಷ್ಟೇ ಅಂತರ. ಸಂಜೆ ಐದು ಮತ್ತು ಆರರ ನಡುವೆ 50 ಡಿಗ್ರಿ. ನಡುಹಗಲಿನ ಗೆರೆಗಳು ಒತ್ತೊತ್ತಾಗಿ ಓದಲು ಕಷ್ಟವಾಗುತ್ತವೆ. ದಕ್ಷಿಣದ ಗೋಡೆಗೆ ಗಡಿಯಾರ ಬರೆಯೋಣವೆಂದರೆ ಬೇಸಿಗೆಯಲ್ಲಿ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ, ಗೋಡೆಗೆ ನಡುಹಗಲಿನಲ್ಲಿ ಬಿಸಿಲೇ ಇರುವುದಿಲ್ಲ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ನೇರ ನೆತ್ತಿಗೇ ಬಂದು ನೆಟ್ಟ ಗೂಟದ ನೆರಳು ಒಂದು ಗಳಿಗೆ ಮಾಯವಾಗುತ್ತದೆ. ‘ನೆರಳಿಲ್ಲದ ದಿನ’ವೆಂದು ಖಗೋಳಾಸಕ್ತರು ಇದನ್ನು ಶಾಲಾ ಮಕ್ಕಳಿಗೆ ತೋರಿಸುವುದುಂಟು.

ಈ ಭಾಗಕ್ಕೆ ಚೆನ್ನಾಗಿ ಒಗ್ಗುವುದು ವೈಷುವತ ಗಡಿಯಾರ. ಓರೆ ಮುಳ್ಳಿಗೆ ಲಂಬವಾಗಿ ಒಂದು ಫಲಕವನ್ನು ಕೂರಿಸಿದರೆ ಅದು ಸಮಭಾಜಕ ವೃತ್ತಕ್ಕೆ ಸಮಾನಾಂತರವಾಗುತ್ತದೆ. ಅದರ ಮೇಲೆ 15 ಡಿಗ್ರಿಗೊಂದರಂತೆ ಸಮಾನ ಗೆರೆಗಳು, ಅಷ್ಟೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಫಲಕದ ಉತ್ತರ ಮುಖದ ಮೇಲೆ, ಉಳಿದ ಆರು ತಿಂಗಳು ದಕ್ಷಿಣ ಮುಖದ ಮೇಲೆ ನೆರಳು ಬೀಳುತ್ತದೆ. ಎರಡೂ ಮುಖಗಳಿಗೆ ಗೆರೆ ಹಾಕಿದರಾಯಿತು.

ಕಲ್ಲಿನ ಸಾಮ್ರಾಟ

ಇದೇ ತತ್ತ್ವವನ್ನು ಬೃಹದಾಕಾರದಲ್ಲಿ ಕಟ್ಟಿಸಿದವನು ಜೈಪುರದ ಮಹಾರಾಜ ಸವಾಯಿ ಜಯಸಿಂಹ (1688-1743). ದೆಹಲಿ, ಜೈಪುರ, ಉಜ್ಜಯಿನಿ, ವಾರಾಣಸಿ, ಮಥುರಾಗಳಲ್ಲಿ ಅವನು ಕಟ್ಟಿಸಿದ ವೇಧಶಾಲೆಗಳಲ್ಲಿ ಮಥುರೆಯದು ಅಳಿದುಹೋಗಿದೆ. 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜೈಪುರದ ಜಂತರ್ ಮಂತರ್‌ನಲ್ಲಿರುವ ಸಾಮ್ರಾಟ ಯಂತ್ರದ ಎತ್ತರ ಸುಮಾರು 27 ಮೀಟರ್. ಮೆಟ್ಟಿಲುಗಳಿರುವ ಓರೆ ಗೋಡೆಯೇ ಅದರ ಮುಳ್ಳು. ಎರಡು ಕಡೆ ರೆಕ್ಕೆಯಂತೆ ಚಾಚಿರುವ ವೃತ್ತಖಂಡಗಳೇ ಅದರ ಫಲಕ. ಬೆಳಗ್ಗೆ ಪಶ್ಚಿಮದ ರೆಕ್ಕೆಯ ಮೇಲೆ ಇಳಿಯುವ ನೆರಳು ನಡುಹಗಲಿಗೆ ಗೋಡೆಯ ಬುಡ ತಲಪಿ, ಆಮೇಲೆ ಪೂರ್ವದ ರೆಕ್ಕೆಯನ್ನು ಏರತೊಡಗುತ್ತದೆ.

ಇಷ್ಟು ದೊಡ್ಡದೇಕೆ? ವೃತ್ತ ದೊಡ್ಡದಾದಷ್ಟೂ ಗೆರೆಗಳ ನಡುವೆ ಜಾಗ ಸಿಗುತ್ತದೆ. ಇಲ್ಲಿ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಯುತ್ತದೆ. ನಿಂತು ನೋಡುವವರ ಕಣ್ಣೆದುರಿಗೇ ಹೊತ್ತು ನಡೆಯುತ್ತದೆ ಎನ್ನಬಹುದು. ಆದರೆ ದೊಡ್ಡದಾದಾಗ ಒಂದು ತೊಡಕೂ ಹುಟ್ಟುತ್ತದೆ. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಹಾಗಾಗಿ ನೆರಳಿನ ಅಂಚು ಚೂಪಾಗಿರದೆ ಮಬ್ಬಾಗಿ ಹರಡಿಕೊಳ್ಳುತ್ತದೆ. ಆ ಮಬ್ಬಿನಲ್ಲಿ ದಾರವನ್ನೋ ತೆಳುವಾದ ಕಡ್ಡಿಯನ್ನೋ ಹಿಡಿದು, ಅದರ ನೆರಳು ಎಲ್ಲಿ ಕರಗುತ್ತದೆಂದು ನೋಡಿ ಸರಿಯಾದ ಅಂಚನ್ನು ಗೊತ್ತುಮಾಡಬೇಕು. ದೆಹಲಿಯ ಜಂತರ್ ಮಂತರ್‌ನದು ಬೇರೆಯೇ ಕಷ್ಟ: ಸುತ್ತ ಎದ್ದಿರುವ ಬಹುಮಹಡಿ ಕಟ್ಟಡಗಳು ಆಕಾಶದ ಅಂಚನ್ನು ಮರೆಮಾಡಿವೆ. ಬಿಸಿಲು ತಪ್ಪಿದ ಯಂತ್ರ ಎಷ್ಟು ಗಟ್ಟಿಯಾಗಿದ್ದರೇನು?

ವ್ಯತ್ಯಾಸದ ಲೆಕ್ಕ

ಸರಿಯಾಗಿ ಕಟ್ಟಿದ ಸೂರ್ಯಗಡಿಯಾರವೂ ಕೈಗಡಿಯಾರದೊಂದಿಗೆ ಹೊಂದದಿರುವುದಕ್ಕೆ ಎರಡು ಕಾರಣ. ಮೊದಲನೆಯದು ರೇಖಾಂಶ. ಭಾರತದ ಅಧಿಕೃತ ಕಾಲ ಪೂರ್ವ 82.5 ಡಿಗ್ರಿ ರೇಖೆಯದು. ಅಲ್ಲಿಂದ ಪಶ್ಚಿಮಕ್ಕೆ ಪ್ರತಿ ಡಿಗ್ರಿಗೂ ಸೂರ್ಯ ನಾಲ್ಕು ನಿಮಿಷ ತಡ. ಬೆಂಗಳೂರಿಗೆ ಇದು ಸುಮಾರು 20 ನಿಮಿಷ, ಮಂಗಳೂರಿಗೆ 31. ಪೂರ್ವದಲ್ಲಿರುವ ಕೋಲ್ಕತ್ತದಲ್ಲಿ ಸೂರ್ಯನೇ 23 ನಿಮಿಷಕ್ಕೂ ಹೆಚ್ಚು ಮುಂದೆ.

ರೈಲು ಬರುವ ಮುನ್ನ ಪ್ರತಿ ಊರಿಗೂ ತನ್ನದೇ ನಡುಹಗಲು ಸಾಕಾಗಿತ್ತು. ಒಂದೇ ದಿನ ನೂರಾರು ಮೈಲಿ ಓಡುವ ಗಾಡಿಗೆ ಅದು ಸಾಲಲಿಲ್ಲ. ಮೊದಲು ಮದರಾಸಿನ ಕಾಲವನ್ನು ರೈಲ್ವೆ ಬಳಸಿತು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ಕಾಲ ಜಾರಿಗೆ ಬಂತು. ಆದರೂ ಕಲ್ಕತ್ತ 1948ರವರೆಗೆ, ಮುಂಬೈ 1955ರವರೆಗೆ ತಮ್ಮ ಹಳೆಯ ಕಾಲವನ್ನು ಬಿಟ್ಟುಕೊಡಲಿಲ್ಲ. ಪಂಚಾಂಗ ಮಾತ್ರ ಇಂದಿಗೂ ಊರಿನ ಸೂರ್ಯೋದಯವನ್ನೇ ಕೇಳುತ್ತದೆ.

ಎರಡನೆಯ ಕಾರಣ ಸೂರ್ಯನದೇ ನಡಿಗೆ. ಭೂಮಿ ಸೂರ್ಯನನ್ನು ಸುತ್ತುವ ಹಾದಿ ಪೂರ್ತಿ ವೃತ್ತವಲ್ಲ, ಭೂಮಿಯ ಅಕ್ಷವೂ ವಾಲಿದೆ. ಇವೆರಡರಿಂದಾಗಿ ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ ಸದಾ ಸರಿಯಾಗಿ 24 ಗಂಟೆ ಇರುವುದಿಲ್ಲ. ಕೆಲವು ಸೆಕೆಂಡುಗಳ ಹೆಚ್ಚುಕಡಿಮೆ ಕೂಡುತ್ತ ಹೋಗಿ ಫೆಬ್ರುವರಿ 11ರ ವೇಳೆಗೆ ಸೂರ್ಯ 14 ನಿಮಿಷ ಹಿಂದೆ ಬೀಳುತ್ತಾನೆ. ನವೆಂಬರ್ 3ರ ವೇಳೆಗೆ 16 ನಿಮಿಷ ಮುಂದಿರುತ್ತಾನೆ. ಏಪ್ರಿಲ್, ಜೂನ್‌ಗಳ ಮಧ್ಯಭಾಗ, ಸೆಪ್ಟೆಂಬರ್ ಆರಂಭ, ಡಿಸೆಂಬರ್ 25ರ ಸುಮಾರು ಮಾತ್ರ ಲೆಕ್ಕ ಸಮನಾಗುತ್ತದೆ. ಬೆಂಗಳೂರಿನ ಸೂರ್ಯಗಡಿಯಾರ ಹತ್ತು ಗಂಟೆ ತೋರಿಸುವಾಗ ಕೈಗಡಿಯಾರ ಫೆಬ್ರುವರಿಯಲ್ಲಿ 10.34, ನವೆಂಬರಿನಲ್ಲಿ 10.03 ತೋರಿಸಿದರೆ ಎರಡೂ ಸರಿಯಾಗಿವೆ ಎಂದೇ ಅರ್ಥ. ತಿಂಗಳುವಾರು ತಿದ್ದುಪಡಿಯ ಒಂದು ಪಟ್ಟಿಯನ್ನು ಗಡಿಯಾರದ ಪಕ್ಕದಲ್ಲಿ ಬರೆದಿಟ್ಟರೆ ಅದಕ್ಕೆ ಬರುವ ಕೆಟ್ಟ ಹೆಸರು ಅರ್ಧಕ್ಕರ್ಧ ಕಡಿಮೆಯಾದೀತು.

ನೆರಳಿನ ಬೆನ್ನು ಹತ್ತಿದವರು

ಅಂಚೆಚೀಟಿ, ನಾಣ್ಯ ಸಂಗ್ರಹಿಸುವವರಂತೆ ಸೂರ್ಯಗಡಿಯಾರಗಳನ್ನು ಹುಡುಕಿ ಅಭ್ಯಾಸ ಮಾಡುವ ಹವ್ಯಾಸಿಗಳೂ ಇದ್ದಾರೆ. ಇಂಗ್ಲೆಂಡಿನ ಮಾರ್ಗರೆಟ್ ಗ್ಯಾಟಿ ಎಂಬ ಲೇಖಕಿ ಇಂಥ ಗಡಿಯಾರಗಳನ್ನೂ ಅವುಗಳ ಮೇಲಿನ ಸೂಕ್ತಿಗಳನ್ನೂ ಕಲೆಹಾಕಿ 1872ರಲ್ಲಿ ದೊಡ್ಡ ಪುಸ್ತಕವನ್ನೇ ತಂದಳು. 1989ರಲ್ಲಿ ಬ್ರಿಟನ್ನಿನಲ್ಲಿ, 1994ರಲ್ಲಿ ಉತ್ತರ ಅಮೆರಿಕದಲ್ಲಿ ಇದಕ್ಕೆಂದೇ ಸಂಘಗಳು ಹುಟ್ಟಿದವು. ಈ ಹವ್ಯಾಸಕ್ಕೆ ವಸ್ತುವನ್ನು ಮನೆಗೆ ತರಬೇಕಾಗಿಲ್ಲ, ತರಲೂ ಬಾರದು. ಇದ್ದಲ್ಲೇ ಮುಳ್ಳಿನ ಕೋನ, ಗೆರೆಗಳ ಅಂತರ, ಮುಖದ ದಿಕ್ಕು ಅಳೆದು ದಾಖಲಿಸುವುದೇ ಅದರ ಸೊಗಸು. ಮುಳ್ಳಿನ ಕೋನವೇ ಗಡಿಯಾರದ ಜನ್ಮಕುಂಡಲಿ. ಭಾರತದ ಒಂದು ತೋಟದಲ್ಲಿ 51 ಡಿಗ್ರಿಯ ಮುಳ್ಳು ಸಿಕ್ಕಿದರೆ ಅದು ಇಂಗ್ಲೆಂಡಿನ ಲೆಕ್ಕಕ್ಕೆ ಹುಟ್ಟಿದ್ದೆಂದು ಬೇರೆ ಸಾಕ್ಷಿಯಿಲ್ಲದೆ ಹೇಳಬಹುದು. ಇಂಗ್ಲೆಂಡಿನ ಹಳೆಯ ಚರ್ಚುಗಳ ಗೋಡೆಯಲ್ಲಿ ಗೀಚಿದ ಗಡಿಯಾರಗಳು ಕೆಲವು ತಲೆಕೆಳಗಾಗಿವೆ. ಎಂದೋ ದುರಸ್ತಿ ಮಾಡಿದವರು ಗೆರೆಗಳ ಅರ್ಥ ತಿಳಿಯದೆ ಕಲ್ಲನ್ನು ತಿರುಗಿಸಿ ಕಟ್ಟಿದ್ದಾರೆ.

ಈ ದೇಶದಲ್ಲಿ ಇಂಥ ದಾಖಲೆಯ ಅಗತ್ಯ ಇನ್ನೂ ಹೆಚ್ಚು. ಕುಂಭಕೋಣದ ಬಳಿಯ ತಿರುವಿಸನಲ್ಲೂರಿನ ಶಿವಾಲಯದ ಗೋಡೆಯಲ್ಲಿ ಸೂರ್ಯಗಡಿಯಾರವೊಂದಿದೆ. ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ಗರ್ಭಗುಡಿಗೆ ಹಾಯುವುದು ಎಲ್ಲರಿಗೂ ಗೊತ್ತು. ಸೂರ್ಯ ಆಕಾಶದ ಅದೇ ಜಾಗಕ್ಕೆ ನವೆಂಬರ್ ಕೊನೆಯಲ್ಲೂ ಬರುವುದರಿಂದ ಆಗಲೂ ಬಿಸಿಲು ಒಳಗೆ ಬರುತ್ತದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಡೇನಿಯಲ್ ಕಲಾವಿದರು ಬರೆದ ಚಿತ್ರಗಳನ್ನು ಇಂದಿನ ಕಟ್ಟಡದೊಂದಿಗೆ ಹೋಲಿಸಿ, ಆಮೇಲೆ ಸೇರಿದ ಕಟ್ಟಡಗಳಿಂದ ಬೆಳಕಿನ ದಾರಿ ಬದಲಾಗಿರುವುದನ್ನು ಎತ್ತಿ ತೋರಿಸಿತು. ಜೀರ್ಣೋದ್ಧಾರಕ್ಕೆ ಮುನ್ನ ಬಿಸಿಲು ಎಲ್ಲಿಂದ ಎಲ್ಲಿಗೆ ಬೀಳುತ್ತಿತ್ತೆಂದು ಬರೆದಿಡದಿದ್ದರೆ, ಕಲ್ಲುಗಳೆಲ್ಲ ಉಳಿದರೂ ಅವು ಹೇಳುತ್ತಿದ್ದ ಮಾತು ಅಳಿಸಿಹೋಗುತ್ತದೆ.

ಆಸಕ್ತರು ಇದಕ್ಕೆ ಹಣ ಖರ್ಚು ಮಾಡಬೇಕಾಗಿಲ್ಲ. ಮಟ್ಟಸವಾದ ತಾರಸಿ, ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದ ಒಂದು ಕಡ್ಡಿ, ಒಂದು ಸೀಮೆಸುಣ್ಣ ಸಾಕು. ಬೆಳಗ್ಗೆ ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಯನ್ನು ಗುರುತಿಸುತ್ತ ಹೋದರೆ ಅತಿ ಗಿಡ್ಡವಾದ ನೆರಳು ಆ ಊರಿನ ನಡುಹಗಲನ್ನೂ ಉತ್ತರ-ದಕ್ಷಿಣವನ್ನೂ ಒಟ್ಟಿಗೆ ತೋರಿಸುತ್ತದೆ. ಹಾಗೆ ಒಮ್ಮೆ ನೋಡಿದವರು ಮುಂದೆ ಯಾವುದೇ ಸೂರ್ಯಗಡಿಯಾರವನ್ನು ‘ಕೆಟ್ಟಿದೆ’ ಎನ್ನುವ ಮುನ್ನ ಅದು ಯಾವ ಊರಿಗಾಗಿ ಮಾಡಿದ್ದೆಂದು ಮೊದಲು ಕೇಳುತ್ತಾರೆ.